ಲತಾಮಣಿ ರೈಟ್ ಅನ್ನುವ ತನಕ

ನನ್ನ ಕೆಲಸವೇ ರೈಟ್ ಹಾಕುವುದು. ಬೇಲೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಕೆಂಪು ಪೆನ್ನು ಹಿಡಿದು ಮಕ್ಕಳ ಲೆಕ್ಕದ ಪುಸ್ತಕಗಳ ಮೇಲೆ ಸರಿ ಇದ್ದಲ್ಲಿ ರೈಟ್ ಎಳೆಯುತ್ತೇನೆ, ತಪ್ಪಿದ್ದಲ್ಲಿ ಸುತ್ತು ಹಾಕುತ್ತೇನೆ. ಮಾಡಿದ ಕ್ರಮವನ್ನು ಓದದೆ ಕೊನೆಯ ಉತ್ತರ ಮಾತ್ರ ನೋಡಿ ರೈಟ್ ಹಾಕುವ ಮೇಷ್ಟರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಸಿಟ್ಟಿನ ವಿಷಯ ಸ್ಟಾಫ್ ರೂಮಿಗೆಲ್ಲ ಗೊತ್ತು. ‘ಪುಷ್ಪಲತಾ ಮೇಡಂ ಹತ್ರ ಸುಮ್ ಸುಮ್ನೆ ರೈಟ್ ಸಿಗಲ್ಲ’ ಅಂತ ಮಕ್ಕಳು ಆಡಿಕೊಳ್ಳುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೇನೆ.

ಈ ಒಂದು ತುಣುಕು ಇಂಗ್ಲಿಷ್ ಮಾತನ್ನು ನಮ್ಮ ಕಡೆಯವರು ದುಡಿಸಿಕೊಳ್ಳುವಷ್ಟು ಇಂಗ್ಲಿಷಿನವರೂ ದುಡಿಸಿಕೊಂಡಿರಲಾರರು. ಆಟೋದವರಿಗೆ ರೈಟ್ ಅಂದರೆ ಬಲಗಡೆ. ಪಂಪ್‌ಸೆಟ್ ರಿಪೇರಿಯವನು ಕೈ ಒರೆಸಿಕೊಂಡು ‘ರೈಟಾಯ್ತು ನೋಡಿ’ ಅಂದರೆ ನೀರು ಬಂತು ಎಂದರ್ಥ. ಹೆಣ್ಣು ನೋಡಲು ಬಂದ ಗಂಡು ಹಿಡಿಸದಿದ್ದರೆ ‘ಆ ಕಡೆಯವರಿಗೆ ರೈಟ್ ಹೇಳಿದ್ವಿ’ ಅನ್ನುತ್ತಾರೆ. ಒಬ್ಬ ಮನುಷ್ಯನ ಮೇಲೆ ಅನುಮಾನ ಬಂದರೆ ‘ಆಸಾಮಿ ಯಾಕೋ ರೈಟಿಲ್ಲ’. ನನ್ನ ಗಂಡ ಶಶಿಧರ್ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಡಗಡ ಅಂದ ಮೇಲೆ ಅವರು ಹೇಳುವುದೂ ‘ರೈಟ್’ ಅಂತಲೇ. ಫೋನ್ ಇಡುವಾಗ ಕೂಡ ನನಗೆ ‘ರೈಟ್ ಹಂಗಾದ್ರೆ’ ಅನ್ನುತ್ತಾರೆ, ನಾನು ಕೊಬ್ಬರಿ ಮಂಡಿಯ ಗಿರಾಕಿ ಎಂಬ ಹಾಗೆ.

ಆದರೆ ನಾನು ಹೇಳಹೊರಟಿರುವುದು ಬಸ್ಸಿನ ರೈಟಿನ ವಿಷಯ, ಅದಕ್ಕೊಂದು ಮರ್ಯಾದೆ ತಂದುಕೊಟ್ಟ ಲತಾಮಣಿಯ ವಿಷಯ.

ನಮ್ಮ ಮನೆ ಅರಸೀಕೆರೆಯಲ್ಲಿ, ಶಾಲೆ ಬೇಲೂರಿನಲ್ಲಿ. ಹೀಗಾಗಿ ನನ್ನ ಆಯುಸ್ಸಿನ ಒಂದು ಪಾಲು ಬಸ್ಸಿನಲ್ಲೇ ಕಳೆದಿದೆ. ಸಂಜೆ ನಾನು ಹತ್ತುವ ಸರ್ಕಾರಿ ಬಸ್ಸು ಬೇಲೂರು ಬಿಟ್ಟು, ಮಾದಿಹಳ್ಳಿ ಸುತ್ತಿಕೊಂಡು, ಹಳೇಬೀಡಿಗೆ ಬಂದು, ಅಲ್ಲಿಂದ ಅರಸೀಕೆರೆ ಸೇರುತ್ತದೆ. ಅಲ್ಲಿ ಬೆಂಗಳೂರಿನ ರೈಲು ಹಿಡಿಯುವವರು ಅರ್ಧ ಬಸ್ಸು ಇರುತ್ತಾರೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದಮೇಲಂತೂ ಕಾಲಿಡಲು ಜಾಗವಿಲ್ಲ. ನಾನು ಡ್ರೈವರ್ ಹಿಂದಿನ ಸೀಟಿನ ಖಾಯಂ ಗಿರಾಕಿ.

ಡ್ರೈವರು ಮುಂದೆ ನೋಡಿಕೊಂಡು ಕೂತಿರುತ್ತಾರೆ. ಹಿಂದಿನ ಬಾಗಿಲಲ್ಲಿ ಯಾರ ಸೆರಗು ಸಿಕ್ಕಿಕೊಂಡಿದೆ, ಯಾರ ಒಂದು ಕಾಲು ಇನ್ನೂ ನೆಲದ ಮೇಲಿದೆ, ಅವರಿಗೆ ಕಾಣುವುದಿಲ್ಲ. ಕಂಡಕ್ಟರು ನೋಡಿ ರೈಟ್ ಅಂದರೆ ಗಾಡಿ ಹೊರಡಬೇಕು. ಆದರೆ ನಮ್ಮ ಕಡೆ ಒಂದು ರೂಢಿ ಬೆಳೆದಿದೆ. ಕಂಡಕ್ಟರು ಜನರ ನಡುವೆ ಸಿಕ್ಕಿಕೊಂಡಾಗ ಬಾಗಿಲಲ್ಲಿ ಜೋತುಬಿದ್ದ ಗಂಡಸರೇ ರೈಟ್ ಹೇಳಿಬಿಡುತ್ತಾರೆ. ಹಿಂದಿನವನು ರೈಟ್ ಅಂದರೆ ನಡುವಿನವನು ರೈಟ್ ರೈಟ್ ಅನ್ನುತ್ತಾನೆ, ಮುಂದಿನವನು ತಗಡು ಬಡಿಯುತ್ತಾನೆ. ಯಾರೂ ನೋಡಿರುವುದಿಲ್ಲ, ಎಲ್ಲರೂ ಹೇಳಿರುತ್ತಾರೆ. ಪುಕ್ಕಟೆಯಾಗಿ ಒಂದು ಗಳಿಗೆ ಕಂಡಕ್ಟರಾದ ಖುಷಿ ಅವರಿಗೆ.

ಇಂಥ ಬಸ್ಸಿಗೆ ಲತಾಮಣಿ ಕಂಡಕ್ಟರಾಗಿ ಬಂದಳು. ಬಿಕ್ಕೋಡಿನ ಹುಡುಗಿ, ಸಣ್ಣ ಮೈಕಟ್ಟು, ಮೆತ್ತನೆಯ ದನಿ. ತಾಯಿ ಮುದ್ದಮ್ಮ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವವರು. ತಂದೆ ಉಗ್ರಪ್ಪ ತೋಟಕ್ಕೆ ಆಳುಗಳನ್ನು ಸಾಗಿಸುವ ಜೀಪಿನ ಹಿಂದೆ ನಿಲ್ಲುತ್ತಿದ್ದವರು. ಜೀಪಿನ ಮೈಗೆ ಅಂಗೈಯಿಂದ ಎರಡು ಏಟು ಹೊಡೆದು ರೈಟ್ ಅನ್ನುವುದೇ ಅವರ ಜೀವಮಾನದ ಉದ್ಯೋಗ.

“ನಮ್ಮಪ್ಪ ಎಲ್ರು ಹತ್ತಿದ್ರಾ ಅಂತ ನೋಡ್ದೆ ಯಾವತ್ತೂ ಜೀಪು ತಟ್ಟಿಲ್ಲ ಮೇಡಂ,” ಅಂತ ಒಮ್ಮೆ ಬಸ್ಸು ಖಾಲಿ ಇದ್ದಾಗ ನನ್ನ ಪಕ್ಕ ಕೂತು ಹೇಳಿದ್ದಳು. “ನಂಗೆ ಈ ಕೆಲಸ ಸಿಕ್ಕಿದಾಗ ಅಪ್ಪ ಹೇಳಿದ್ದು ಅದೊಂದೇ ಮಾತು. ನೋಡವ್ವ, ಮೊದ್ಲು ಕಣ್ಣು, ಆಮೇಲೆ ಬಾಯಿ.”

ಡ್ರೈವರ್ ಷಡಕ್ಷರಪ್ಪನವರಿಗೆ ಇವಳು ಹಿಡಿಸಲಿಲ್ಲ. ಅವರು ರಿಟೈರ್ ಆಗಲು ಸ್ವಲ್ಪ ಕಾಲವಷ್ಟೇ ಬಾಕಿ. ತಮ್ಮ ಗಾಡಿಯಿಂದಾಗಿ ಒಬ್ಬನಿಗೂ ರೈಲು ತಪ್ಪಿಲ್ಲ ಎಂಬುದು ಅವರ ಹೆಮ್ಮೆ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ನನಗೆ ‘ಬನ್ನಿ ಮೇಡಮ್ಮೋರೆ’ ಅನ್ನುವವರು ಅವಳನ್ನು ಒಂದು ದಿನವೂ ಕಂಡಕ್ಟ್ರೇ ಅಂತ ಕರೆಯಲಿಲ್ಲ. ಕರೆಯಲೇಬೇಕಾದರೆ ‘ಏ ತಾಯಿ’. ಆ ತಾಯಿಯಲ್ಲಿ ಭಕ್ತಿ ಏನೂ ಇರಲಿಲ್ಲ. ಅವಳ ರೈಟ್ ಕೇಳಿಸಿದರೂ ಗಾಡಿ ಹಾಗೇ ಗುರುಗುಡುತ್ತಿತ್ತು. ಹಿಂದಿನಿಂದ ಯಾವನೋ ಗಂಡಸು ಗಂಟಲು ಹರಿದುಕೊಂಡ ಮೇಲೆ ಹೊರಡುತ್ತಿತ್ತು. ಅವಳ ಜಾತಿ, ಅವಳ ವಯಸ್ಸು, ಅವಳು ಹೆಣ್ಣು ಎನ್ನುವುದು, ಇದರಲ್ಲಿ ಯಾವುದು ಅವರ ಕಿವಿಗೆ ಅಡ್ಡ ಬರುತ್ತಿತ್ತೋ ನಾನು ಕೇಳಲಿಲ್ಲ. ಮೂರೂ ಇದ್ದಿರಬೇಕು.

ಮಾದಿಹಳ್ಳಿಯಲ್ಲಿ ಆಗಬಾರದ್ದು ಆಯಿತು. ಲಲಿತಮ್ಮ ಎಂಬ ವಯಸ್ಸಾದ ಹೆಂಗಸು ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದರು. ಲತಾಮಣಿ ನಡುವೆ ನಿಂತು ಯಾರದೋ ಆಧಾರ್ ಕಾರ್ಡ್ ನೋಡುತ್ತಿದ್ದಳು. ಬಾಗಿಲ ಹತ್ತಿರವಿದ್ದ ಮಹಾಂತೇಶ್, ಅರಸೀಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವವನು, ಮೊಬೈಲಿನಿಂದ ಕಣ್ಣೆತ್ತದೆ ‘ರೈಟ್ ರೈಟ್’ ಅಂದ. ನಡುವಿನವರು ಅಂದರು, ಮುಂದಿನವರು ತಗಡು ಬಡಿದರು, ಷಡಕ್ಷರಪ್ಪ ಗಾಡಿ ಬಿಟ್ಟರು. ಲಲಿತಮ್ಮ ರಸ್ತೆಗೆ ಬಿದ್ದರು. ಮುಂಗೈ ಮೂಳೆ ಮುರಿಯಿತು. ಚಕ್ರ ಒಂದು ಮೊಳ ಆಚೆಗಿತ್ತು. 

“ಕಂಡಕ್ಟ್ರು ಏನ್ ನೋಡ್ತಾ ಇದ್ಳು?” ಅಂತ ಬಸ್ಸಿನ ತುಂಬ ಗದ್ದಲ ಎದ್ದಿತು. ಎಲ್ಲರಿಗಿಂತ ಜೋರಾಗಿ ಕೇಳಿದವನು ಮಹಾಂತೇಶ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಹೆಗಲೂ ಮುಟ್ಟಿಕೊಳ್ಳಲಿಲ್ಲ, ನೇರವಾಗಿ ಬೇರೆಯವರ ಹೆಗಲು ತೋರಿಸಿದ. ಲತಾಮಣಿ ಲಲಿತಮ್ಮನ ಕೈಗೆ ತನ್ನ ದುಪಟ್ಟಾ ಕಟ್ಟಿ ಆಸ್ಪತ್ರೆಗೆ ಆಟೋ ಹತ್ತಿಸಿದಳು.

ವಿಚಾರಣೆಗೆ ಡಿಪೋದ ಸಾಹೇಬರು ಅವರಿಬ್ಬರನ್ನೂ ಕರೆಸಿದಾಗ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಸಿಟ್ಟು ಬಂದಿತ್ತು, ಹೋದೆ. ರೈಟ್ ಹೇಳಿದ ದನಿ ಯಾರದೆಂದು ನನಗೆ ಗೊತ್ತು, ಅದು ಹೆಣ್ಣಿನ ದನಿಯಲ್ಲ ಎಂದು ಬರೆದುಕೊಳ್ಳಿ ಅಂದೆ. ಸಾಹೇಬರು ಕೆಟ್ಟವರಲ್ಲ, ತಾಳ್ಮೆಯಿಂದ ಕೇಳಿಸಿಕೊಂಡರು. ಷಡಕ್ಷರಪ್ಪ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ರೈಟ್ ಅಂತ ಕೇಳುಸ್ತು ಸಾ, ಬಿಟ್ಟೆ,” ಅಂದರು. ಯಾರ ರೈಟ್ ಎಂದು ಹೇಳಲೇ ಇಲ್ಲ. ಪೆನ್ಷನ್ ಹತ್ತಿರ ಬಂದವರ ಭಯ ಅದು. ಅರ್ಥವಾಗುತ್ತದೆ. ಆದರೂ ಎದ್ದುಹೋಗಿ ಅವರ ಬಾಯಿಯ ಎಲೆಅಡಿಕೆ ಉಗುಳಿಸಬೇಕು ಅನ್ನಿಸಿತು.

ಸಾಹೇಬರು ಲತಾಮಣಿಯ ಕಡೆ ತಿರುಗಿದರು. “ನೋಡಮ್ಮ, ಹೆಣ್ಮಕ್ಕಳಿಗೆ ಈ ರಶ್ಶಿನ ರೂಟು ಕಷ್ಟ. ಆಫೀಸಲ್ಲಿ ಒಂದು ಟೇಬಲ್ ಖಾಲಿ ಇದೆ. ಫ್ಯಾನ್ ಕೆಳಗೆ ಕೂತ್ಕೊಂಡು ಆರಾಮಾಗಿ ಕೆಲಸ ಮಾಡು. ಸಂಬಳಕ್ಕೇನೂ ತೊಂದ್ರೆ ಇಲ್ಲ.”

“ಬೇಡ ಸಾರ್.”

“ಯಾಕೆ?”

“ಈಗ ನಾನು ಇಳಿದ್ರೆ, ನಂಗೆ ಬಸ್ಸು ನೋಡ್ಕೊಳ್ಳೋಕೆ ಬರಲ್ಲ ಅಂತ ಆಗ್ತದೆ. ನಾಳೆ ಇನ್ನೊಬ್ಬ ಹುಡುಗಿ ಬಂದ್ರೂ ಅದನ್ನೇ ಹೇಳ್ತೀರಿ. ಆವತ್ತು ರೈಟ್ ಹೇಳಿದ್ದು ನಾನಲ್ಲ. ಡ್ರೈವರಣ್ಣಂದೂ ತಪ್ಪಿಲ್ಲ ಸಾರ್. ರೈಟ್ ಅಂದ್ರೆ ಹೊರಡೋದು ಅವರ ಕೆಲಸ, ಹಿಂದೆ ತಿರುಗಿ ನೋಡೋಕಾಗಲ್ಲ ಅವರಿಗೆ. ಯಾರು ಹೇಳಬೇಕು ಅನ್ನೋದನ್ನ ನಾನು ನೋಡ್ಕೋಬೇಕಿತ್ತು. ಇನ್ಮೇಲೆ ನೋಡ್ಕೋತೀನಿ.”

ಷಡಕ್ಷರಪ್ಪ ನೆಲ ನೋಡುತ್ತಾ ನಿಂತಿದ್ದರು. ಸಾಹೇಬರು ಒಂದು ತಿಂಗಳು ನೋಡೋಣ ಅಂದರು. ಹೇಳದೆ ಕೇಳದೆ ತಾವೇ ಒಂದು ದಿನ ಆ ಬಸ್ಸಿಗೆ ಹತ್ತುವುದಾಗಿಯೂ, ಆಮೇಲೆ ತೀರ್ಮಾನ ಹೇಳುವುದಾಗಿಯೂ ತಿಳಿಸಿದರು.

ಮರುದಿನ ಬೇಲೂರು ಸ್ಟ್ಯಾಂಡಿನಲ್ಲೇ ಲತಾಮಣಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಹೇಳಿದಳು. “ಕೇಳ್ಸಿಕೊಳ್ಳಿ ಎಲ್ರೂ. ಈ ಬಸ್ಸಲ್ಲಿ ಇನ್ಮೇಲೆ ರೈಟ್ ಹೇಳೋಳು ನಾನೊಬ್ಳೇ.”

ಮಹಾಂತೇಶ್ ನಕ್ಕ. “ರೈಟ್ ಅನ್ನೋಕೂ ಟಿಕೆಟ್ ತಗೋಬೇಕೇನಮ್ಮಾ?”

“ಟಿಕೆಟ್ ತಗೊಂಡೋರು ಕೂತ್ಕೋಬಹುದು ಅಣ್ಣ. ರೈಟ್ ಹೇಳೋಕೆ ನಂಗೆ ಸಂಬಳ ಕೊಡ್ತಾರೆ.”

ಹೆಂಗಸರೆಲ್ಲ ನಕ್ಕರು. ಮಹಾಂತೇಶನಿಗೆ ಆ ನಗು ಹಿಡಿಸಲಿಲ್ಲ. ಅಂದಿನಿಂದ ಹಟ ಶುರುವಾಯಿತು. ಪ್ರತಿ ಸ್ಟಾಪಿನಲ್ಲೂ ಬೇಕೆಂದೇ ಯಾರಾದರೊಬ್ಬರು ರೈಟ್ ಕೂಗುವುದು. ಷಡಕ್ಷರಪ್ಪ ಅಭ್ಯಾಸಬಲದಿಂದ ಗಾಡಿ ಬಿಡುವುದು. ಲತಾಮಣಿ ಸೀಟಿ ಊದಿ ನಿಲ್ಲಿಸುವುದು. ನಿಂತ ಮೇಲೆ ಜನರನ್ನು ಸರಿಸಿಕೊಂಡು ಹಿಂದಿನ ಬಾಗಿಲಿಗೆ ಹೋಗಿ, ಬಗ್ಗಿ ನೋಡಿ, ಮುಂದಿನ ಬಾಗಿಲಿಗೆ ಬಂದು, ಅಲ್ಲೂ ನೋಡಿ, ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ ರೈಟ್ ಅನ್ನುವಳು. ಒಬ್ಬರೂ ಇಳಿಯದ ಸ್ಟಾಪಿನಲ್ಲೂ ಅಷ್ಟೇ. ಬೈದವರಿಗೆ ತಿರುಗಿ ಬೈಯುತ್ತಿರಲಿಲ್ಲ. ಮತ್ತೆ ಕೂಗಿದರೆ ಮತ್ತೆ ಸೀಟಿ.

ಬಸ್ಸು ತಡವಾಗತೊಡಗಿತು. ರೈಲಿನವರು ಶಾಪ ಹಾಕಿದರು. “ಏ ತಾಯಿ, ನಿನ್ನ ರೈಟಿಗೆ ಕಾಯ್ತಾ ಕೂತ್ರೆ ಅರಸೀಕೆರೇಲಿ ರೈಲೇ ಇರಾಕಿಲ್ಲ,” ಅಂತ ಷಡಕ್ಷರಪ್ಪ ಸ್ಟೀರಿಂಗ್ ಗುದ್ದಿದರು. ನಾನು ಬಾಯಿ ಹಾಕದೆ ಇರಲಾಗಲಿಲ್ಲ. “ಷಡಕ್ಷರಪ್ಪನವರೇ, ನೋಡದೆ ರೈಟ್ ಹಾಕೋ ಮೇಷ್ಟ್ರು ಮಕ್ಕಳ ಒಂದು ವರ್ಷ ಹಾಳು ಮಾಡ್ತಾರೆ. ನೋಡದೆ ರೈಟ್ ಹೇಳೋರು ಜೀವಾನೇ ತೆಗೀತಾರೆ. ಆ ಹುಡುಗಿ ನಿಮ್ಮ ಪೆನ್ಷನ್ನೂ ಕಾಯ್ತಾ ಇದ್ದಾಳೆ, ತಿಳ್ಕೊಳ್ಳಿ.” ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಒಂದು ಬದಲಾವಣೆ ಕಂಡೆ. ಅವಳು ಸೀಟಿ ಊದುವ ಮುಂಚೆಯೇ ಅವರ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು. ಆದರೂ ಅವಳ ಕಡೆ ಒಂದು ಒಳ್ಳೆಯ ಮಾತು ಬರಲಿಲ್ಲ. ಎಲ್ಲಿ ನೋಡಿದರೂ ದೊಡ್ಡಸ್ತಿಕೆ ಅಡ್ಡ.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಸಂಜೆ ಬೇಲೂರಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೊಸ ಟವಲ್ ಹೆಗಲಿಗೆ ಹಾಕಿಕೊಂಡ ವಯಸ್ಸಾದವರೊಬ್ಬರು ಬಸ್ಸು ಹತ್ತಿ ನನ್ನ ಪಕ್ಕದ ಸೀಟಿನಲ್ಲಿ ಮುದುರಿ ಕೂತರು. ಲತಾಮಣಿ ಬಂದು ಅವರ ಮುಂದೆ ನಿಂತಾಗ ಇಬ್ಬರ ಮುಖವೂ ಅರಳಿತು. ಉಗ್ರಪ್ಪ ಎಂದು ಆಗ ಗೊತ್ತಾಯಿತು. ಬಿಕ್ಕೋಡು ಬೇಲೂರಿನ ಆಚೆಗಾದ್ದರಿಂದ ಅವರು ಮಗಳ ಬಸ್ಸನ್ನು ಅಲ್ಲಿಯ ತನಕ ನೋಡಿರಲಿಲ್ಲ. ಅರಸೀಕೆರೆಯಲ್ಲಿ ಅವರಿಗೆ ಕೆಲಸವೇನೂ ಇರಲಿಲ್ಲ. ಹೋಗಿ ಬರುವುದೇ ಕೆಲಸ.

ಲತಾಮಣಿ ತಂದೆಗೆ ಪೂರಾ ಟಿಕೆಟ್ ಹರಿದಳು. ಹಿಂದಿನ ಸೀಟಿನವರು ತಮಾಷೆ ಮಾಡಿದರು. “ಏನ್ ಯಜಮಾನ್ರೇ, ಮಗಳ ಬಸ್ಸಲ್ಲೂ ಟಿಕೆಟ್ಟಾ?”

“ಗಂಡಸ್ರಿಗೆ ಫ್ರೀ ಇಲ್ಲ ಕಣಪ್ಪ,” ಅಂದರು ಉಗ್ರಪ್ಪ. “ನಮ್ಮ ಕಂಡಕ್ಟ್ರು ಭಾಳ ಸ್ಟ್ರಿಕ್ಟು.” ಟಿಕೆಟ್ಟನ್ನು ಮಡಿಚಿ ಅಂಗಿಯ ಜೇಬಿಗೆ ಇಟ್ಟು, ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಬಸ್ಸು ಹೊರಡುವ ಹೊತ್ತಿಗೆ ಸಾಹೇಬರೂ ಹತ್ತಿದರು, ಮಾಮೂಲಿ ಅಂಗಿ ಪ್ಯಾಂಟಿನಲ್ಲಿ, ಕೈಯಲ್ಲೊಂದು ಪ್ರಯಾಣದ ಚೀಲ. ಬೆಂಗಳೂರಿನಲ್ಲಿ ಮೀಟಿಂಗ್ ಇತ್ತಂತೆ, ಅದೇ ರೈಲು ಹಿಡಿಯಬೇಕಿತ್ತು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು. ಲತಾಮಣಿ ನಮಸ್ಕಾರ ಹೇಳಿ ಟಿಕೆಟ್ ಕೊಡುತ್ತಾ ಹಿಂದಕ್ಕೆ ಹೋದಳು. ಇವತ್ತು ಬಸ್ಸು ತಡವಾದರೆ ಅವಳಿಗೆ ಫ್ಯಾನಿನ ಕೆಳಗಿನ ಟೇಬಲ್ಲೇ ಗತಿ.

ಮಾದಿಹಳ್ಳಿಯಲ್ಲಿ ಬಸ್ಸು ನಿಂತಿತು. ಸ್ಟಾಪಿನಲ್ಲಿ ಲಲಿತಮ್ಮ ನಿಂತಿದ್ದರು, ಕೈಗೆ ಬ್ಯಾಂಡೇಜು, ಕತ್ತಿಗೆ ಕೈ ನೇತುಹಾಕಿದ ಬಟ್ಟೆ, ಒಂದು ಚೀಲ. ಬಿದ್ದ ದಿನದಿಂದ ಅವರು ಬಸ್ಸು ಹತ್ತಿರಲಿಲ್ಲ. ಎಲ್ಲರೂ ಹತ್ತಿದರು. ಅವರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಮತ್ತೆ ಹಿಂದೆ ತೆಗೆದರು. ಲತಾಮಣಿ ಕೆಳಗಿಳಿದು ಚೀಲ ಇಸಕೊಂಡಳು.

“ಹೆದರಿಕೆ ಆಯ್ತದೆ ಕಣವ್ವ. ನೀನು ಹೊಂಟೋಗು, ನಾನು ನಾಳೆ ಬತ್ತೀನಿ.”

“ನಾನು ಹೇಳೋಗಂಟ ಬಸ್ಸು ಹೋಗಕಿಲ್ಲ ಅಜ್ಜಿ. ನಿಧಾನಕ್ಕೆ ಹತ್ತಿ.”

ಅವಳು ಹಾಗೆ ಹೇಳಿದ್ದು ಬಾಗಿಲ ಕಡೆಯಿಂದ ನನಗೆ ಕೇಳಿಸಿತು. ಆಣೆ ಇಟ್ಟ ಹಾಗೆ ಹೇಳಿಬಿಟ್ಟಳು. ಆದರೆ ಬಸ್ಸು ಹೋಗುವುದು ಬಿಡುವುದು ಅವಳ ಕೈಯಲ್ಲೆಲ್ಲಿತ್ತು? ಸ್ಟೀರಿಂಗ್ ಹಿಡಿದವರು ಷಡಕ್ಷರಪ್ಪ.

ಒಳಗೆ ರೈಲಿನವರು ಸಹನೆ ಕಳೆದುಕೊಂಡರು. ಹಿಂದಿನಿಂದ ಯಾವನೋ ರೈಟ್ ಅಂದ. ನಡುವಿನವರು ರೈಟ್ ರೈಟ್ ಅಂದರು. ತಗಡು ಬಡಿದರು. ಕೆಲವು ಹೆಂಗಸರೂ ಸೇರಿಕೊಂಡರು. ಬಸ್ಸೆಲ್ಲ ಆ ಒಂದೇ ಮಾತು. ಷಡಕ್ಷರಪ್ಪ ಗೇರಿನ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತಾ ಕೂತಿದ್ದರು. ನನ್ನ ಪಕ್ಕದಲ್ಲಿ ಉಗ್ರಪ್ಪನ ಬಲಗೈ ತಾನಾಗಿಯೇ ಮೇಲೆ ಹೋಯಿತು, ಕಿಟಕಿಯ ಕೆಳಗಿನ ತಗಡಿನ ಹತ್ತಿರಕ್ಕೆ. ಅಷ್ಟು ವರ್ಷ ಜೀಪು ತಟ್ಟಿದ ಕೈ. ಮುಟ್ಟುವ ಮುಂಚೆ ಅದನ್ನು ಹಿಂದೆ ಎಳೆದು ತೊಡೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಒತ್ತಿ ಹಿಡಿದರು.

ಸಾಹೇಬರು ಗಡಿಯಾರ ನೋಡಿಕೊಂಡು ಮುಂದಕ್ಕೆ ಬಾಗಿದರು. “ಆಯ್ತು, ರೈಟ್. ಹೊರಡ್ರಿ ಷಡಕ್ಷರಪ್ಪ.”

ಷಡಕ್ಷರಪ್ಪ ಗೇರಿನಿಂದ ಕೈ ತೆಗೆದರು. ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರು.

ಗದ್ದಲ ಒಂದೇ ಏಟಿಗೆ ನಿಂತುಹೋಯಿತು. ಎಲೆಅಡಿಕೆಯನ್ನು ಕಿಟಕಿಯಾಚೆ ಉಗುಳಿ, ಬಾಯಿ ಒರೆಸಿಕೊಂಡು ಅವರು ಹೇಳಿದರು. “ತಪ್ಪು ತಿಳೀಬೇಡಿ ಸಾ. ಹಿಂದಿಂದು ನಂಗೆ ಕಾಣಾಕಿಲ್ಲ. ಇಲ್ಲಿ ಕುಂತ್ರೆ ನಿಮಗೂ ಕಾಣಾಕಿಲ್ಲ. ಈ ಬಸ್ಸಲ್ಲಿ ನಿಮ್ಮ ರೈಟು ನಡೆಯಾಕಿಲ್ಲ. ಕಂಡಕ್ಟ್ರು ಹೇಳ್ಲಿ.”

ಕಂಡಕ್ಟ್ರು ಅಂದರು. ನಾನು ಕಿವಿಯಾರೆ ಕೇಳಿದೆ. ನನ್ನ ಕಣ್ಣು ತುಂಬಿ ಬಂತು, ನಾಚಿಕೆಯೇನೂ ಇಲ್ಲ. ಸಾಹೇಬರು ಸೀಟಿಗೆ ಒರಗಿದರು. ಮಹಾಂತೇಶ್ ಎದ್ದು ಲಲಿತಮ್ಮನಿಗೆ ತನ್ನ ಸೀಟು ಬಿಟ್ಟ. ಅದಕ್ಕೆ ಅವನನ್ನು ಪೂರ್ತಿ ಕ್ಷಮಿಸುವಷ್ಟು ಒಳ್ಳೆಯವಳು ನಾನಲ್ಲ, ಆದರೂ ನೋಡಿದ್ದನ್ನು ಹೇಳಬೇಕು.

ಲಲಿತಮ್ಮ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಕೂತರು. ಲತಾಮಣಿ ಚೀಲವನ್ನು ಅವರ ಕಾಲ ಬಳಿ ಇಟ್ಟಳು. ಹಿಂದಿನ ಬಾಗಿಲು ನೋಡಿದಳು, ಮುಂದಿನ ಬಾಗಿಲು ನೋಡಿದಳು. ಒಳಗೆ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಎಂಜಿನ್ ಯಾಕೆ ನಿಂತಿದೆ, ಜನ ಯಾಕೆ ಇಷ್ಟು ಸುಮ್ಮನಿದ್ದಾರೆ ಎಂದು ಒಂದು ಗಳಿಗೆ ಗಾಬರಿಯಾದಳು. ಆಮೇಲೆ ಎಂದಿನ ಮೆತ್ತನೆಯ ದನಿಯಲ್ಲಿ ಹೇಳಿದಳು.

“ರೈಟ್.”

ಬಸ್ಸು ಹೊರಟಿತು. ಹಳೇಬೀಡಿನ ಕೆರೆ ದಾಟಿತು. ಅಲ್ಲಿಂದಾಚೆ ಷಡಕ್ಷರಪ್ಪ ಗಾಡಿಯನ್ನು ಹೇಗೆ ಓಡಿಸಿದರು ಎಂದು ಕೇಳಬೇಡಿ. ಅರಸೀಕೆರೆಗೆ ಬಂದರೆ ರೈಲು ಇನ್ನೂ ಬಂದೇ ಇರಲಿಲ್ಲ, ಎಂದಿನಂತೆ ತಡ. ಸಾಹೇಬರು ಇಳಿಯುವಾಗ ಲತಾಮಣಿಯ ಹತ್ತಿರ ನಿಂತು, “ಆ ಟೇಬಲ್ಲಿಗೆ ಬೇರೆ ಯಾರನ್ನಾದ್ರೂ ನೋಡ್ತೀನಮ್ಮ. ನೀನು ಈ ರೂಟಲ್ಲೇ ಇರು,” ಅಂದರು. ಅವಳು ಹೂಂ ಸಾರ್ ಅಂದಳು.

ಈಗಲೂ ಅದೇ ಬಸ್ಸು, ಅದೇ ಸೀಟು. ಬೇರೆ ಬಸ್ಸುಗಳಲ್ಲಿ ತಗಡು ಬಡಿಯುವ ಗಂಡಸರು ನಮ್ಮ ಬಸ್ಸಿನಲ್ಲಿ ಕೈ ಕಟ್ಟಿ ಕೂರುತ್ತಾರೆ. ಹೊಸಬ ಯಾರಾದರೂ ರೈಟ್ ಅಂದರೆ ಮಹಾಂತೇಶನೇ ‘ಏನ್ಲಾ, ಸುಮ್ನಿರೋ’ ಅನ್ನುತ್ತಾನೆ. ಷಡಕ್ಷರಪ್ಪ ತಮ್ಮ ರಿಟೈರ್‌ಮೆಂಟಿನ ಊಟಕ್ಕೆ ಎಲ್ಲರಿಗಿಂತ ಮೊದಲು ಕರೆದದ್ದು ‘ನಮ್ ಕಂಡಕ್ಟ್ರನ್ನ’.

ಕಳೆದ ವಾರ ಒಂದು ಮದುವೆಗೆಂದು ಬಿಕ್ಕೋಡಿಗೆ ಹೋಗಿದ್ದೆ. ಜೀಪ್ ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಉಗ್ರಪ್ಪ ಕೂತಿದ್ದರು, ಸುತ್ತ ನಾಲ್ಕಾರು ಜನ. ಅವರು ನನ್ನನ್ನು ನೋಡಲಿಲ್ಲ. ಜೇಬಿನಿಂದ ಆ ಟಿಕೆಟ್ ತೆಗೆದು ಬೆಂಚಿನ ಮೇಲೆ ಇಟ್ಟಿದ್ದರು, ಅಕ್ಷರ ಮಾಸಿ ಬಿಳಿ ಚೀಟಿಯಾಗಿತ್ತು. ಜೀವಮಾನವೆಲ್ಲ ತೋಟದವರು ಹೊರಡು ಅಂದಾಗ ಹೊರಟು, ನಿಲ್ಲು ಅಂದಾಗ ನಿಂತ ಆ ಮನುಷ್ಯ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಿದ್ದರು.

“ಸಾಹೇಬ್ರೇ ರೈಟ್ ಅಂದ್ರು ಕಣ್ರಯ್ಯ. ಬಸ್ಸು ಅಲ್ಲಾಡ್ನಿಲ್ಲ. ನಮ್ಮುಡ್ಗಿ ಹೇಳೋಗಂಟ ಸಾಹೇಬ್ರೂ ಕಾಯ್ತಾ ಕುಂತಿದ್ರು.”